ದೊಡ್ಡಮ್ಮ ಆರಿಸದ ದೀಪ

ಮೊನ್ನೆ ಮಧುಗಿರಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಅಡುಗೆಮನೆಯ ಬಲ್ಬು ಹೋಗಿತ್ತು, ಹೊಸದು ಕೇಳಿದೆ. ಅಂಗಡಿಯವನು ಅದನ್ನು ಹೋಲ್ಡರಿಗೆ ಸಿಕ್ಕಿಸಿ ಉರಿಸಿ ತೋರಿಸಿದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಮುಗಿದುಕೊಂಡವು. ಬಲ್ಬಿಗೆ ವಾರಂಟಿ ಇದೆ ಮೇಡಂ, ದೇವರ ಮೇಲೆ ಭಾರ ಹಾಕಬೇಕಾಗಿಲ್ಲ ಎಂದು ಅವನು ನಕ್ಕ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಹಾಡಹಗಲಲ್ಲಿ ಬಲ್ಬಿಗೆ ನಮಸ್ಕಾರ ಹೊಡೆದಿದ್ದೆ.

ಏನು ಮಾಡಲಿ ಹೇಳಿ, ಇದು ಮದಲೂರಿನ ದೊಡ್ಡಮ್ಮ ಅಂಟಿಸಿದ ಚಾಳಿ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ರಜೆ ಬಂತೆಂದರೆ ನಾನು ಸಿರಾ ಬಸ್ಸು ಹತ್ತಿ ಅವಳ ಮನೆ ಸೇರಿಬಿಡುತ್ತಿದ್ದೆ. ಮುಸ್ಸಂಜೆ ದೀಪ ಹಚ್ಚಿದಾಗ ಕೈ ಮುಗಿಯುವುದು ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ದೊಡ್ಡಮ್ಮನ ಪಾಲಿಗೆ ಟ್ಯೂಬ್‌ಲೈಟೂ ದೀಪವೇ. ಹೋದ ಕರೆಂಟು ಬಂದರೂ ಕೈ ಮುಗಿಯಬೇಕು. ಊಟದ ನಡುವೆ ಬಂದರೆ ಮುದ್ದೆ ಮೆತ್ತಿದ ಬಲಗೈಯನ್ನು ಎಡಗೈಗೆ ತಾಗಿಸದೆ ಮುಗಿಯುವ ವಿದ್ಯೆಯನ್ನು ನಾವೆಲ್ಲ ಕಲಿತಿದ್ದೆವು. ಶುಕ್ರವಾರ ಟ್ಯೂಬ್‌ಲೈಟಿನ ಪಟ್ಟಿಗೆ ಕುಂಕುಮ ಬೇರೆ.

ಇಷ್ಟಾದರೆ ತಮಾಷೆ. ಫಜೀತಿ ಇದ್ದದ್ದು ಮಲಗುವಾಗ. ಹಚ್ಚಿದ ದೀಪವನ್ನು ಕೈಯಾರೆ ಆರಿಸಬಾರದು, ಎಣ್ಣೆ ತೀರಿ ತಾನಾಗಿ ಶಾಂತವಾಗಬೇಕು ಎನ್ನುವುದು ಅವಳ ಕಟ್ಟು. ಎಣ್ಣೆಯ ದೀಪವಾದರೆ ಅದೇ ಕೆಲಸ ಮುಗಿಸಿಕೊಳ್ಳುತ್ತಿತ್ತು. ಟ್ಯೂಬ್‌ಲೈಟಿಗೆ ಎಣ್ಣೆ ತೀರುವುದೆಲ್ಲಿ? ದೊಡ್ಡಪ್ಪ ಎದ್ದು ಆರಿಸಿದರೆ ಇವಳು ಎದ್ದು ಹಾಕುತ್ತಿದ್ದಳು. ಕೊನೆಗೆ ಅವನು ಚಾಪೆ ಸುತ್ತಿಕೊಂಡು ಜಗಲಿಗೆ ಹೋದ. ಇವಳು ಆ ಬೆಳ್ಳನೆಯ ಬೆಳಕಿನ ಕೆಳಗೇ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಬೆಳಗು ಮಾಡುತ್ತಿದ್ದಳು. ಹಗಲೆಲ್ಲ ತಲೆನೋವು, ತೂಕಡಿಕೆ. ಒಂದು ಸಲ ಹಾಲು ಕರೆಯುತ್ತಲೇ ತೂಕಡಿಸಿ ಬಿದ್ದು ಹಣೆ ಒಡೆದುಕೊಂಡಳು.

ಆಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಸಿರಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕತ್ತಲೆಯಿಲ್ಲದೆ ಮೈಗೆ ರಾತ್ರಿಯಾದದ್ದೇ ತಿಳಿಯುವುದಿಲ್ಲ, ಮಾತ್ರೆಗಿಂತ ಮೊದಲು ಲೈಟು ಆರಿಸಿ ಮಲಗಿ ಎಂದರು. ನಾನು ಸುಮ್ಮನಿರಬೇಕಲ್ಲ. ಬಸ್ಸಿನಲ್ಲಿ ಸಿರಾದಿಂದ ಮದಲೂರಿನವರೆಗೆ ಕಣ್ಣು, ಮಿದುಳು, ನಿದ್ದೆ ಎಂದು ಪಾಠ ಮಾಡಿದೆ. ಅವಳು ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟಿದಳು. ಮನೆಗೆ ಬಂದು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಾಗ ಹೇಳಿದಳು:

'ನೀನು ಹುಟ್ಟೋಕೆ ಮುಂಚೆ ಈ ಮನೇಲಿ ನಂದೊಂದು ಗಂಡುಮಗು ಇತ್ತು ಕಣಮ್ಮ. ಜ್ವರ ಬಂದು ಒಂದೇ ಸಮ ಅಳ್ತಿತ್ತು. ಬುಡ್ಡಿ ಬೆಳ್ಕು ಕಣ್ಣಿಗೆ ಹೊಡೀತೈತೇನೋ, ಮಲಗ್ಲಿ ಅಂತ ಊದ್ಬುಟ್ಟೆ. ಮಲಗ್ತು. ನಾನೂ ಮಲಗ್ಬುಟ್ಟೆ. ಬೆಳಿಗ್ಗೆ ಎದ್ದು ನೋಡ್ತೀನಿ, ತಣ್ಣಗಾಗೈತೆ. ಆ ಕತ್ಲಲ್ಲಿ ಯಾವಾಗ ಹೋಯ್ತೋ ಗೊತ್ತಾಗ್ಲೇ ಇಲ್ಲ. ಬೆಳ್ಕಿದ್ದಿದ್ರೆ ನೋಡ್ತಿದ್ನಲ್ಲ.'

ಊರೆಲ್ಲ ಅದನ್ನು ಭಕ್ತಿ ಅಂದುಕೊಂಡಿತ್ತು, ನಾನೂ ಅಂದುಕೊಂಡಿದ್ದೆ. ಅವಳಿಗೆ ಬೆಳಕಿನ ಪಾಠ ಹೇಳುವುದನ್ನು ಅಂದಿಗೆ ನಿಲ್ಲಿಸಿದೆ.

ಅವಳನ್ನು ಆಡಿಕೊಳ್ಳಲು ನನಗೇನು ಹಕ್ಕಿದೆ ಹೇಳಿ. ಈಗ ಪಾವಗಡದ ವಳ್ಳೂರಿನ ಕಡೆ ಬಿಸಿಲಿನಿಂದಲೇ ಕರೆಂಟು ತೆಗೆಯುತ್ತಾರೆ. ಸೂರ್ಯನೇ ತಂತಿ ಹಿಡಿದು ಮನೆಗೆ ಬರುತ್ತಾನೆಂದ ಮೇಲೆ ಕೈ ಮುಗಿದರೆ ತಪ್ಪೇನು? ಆದರೆ ಸೂರ್ಯನಿಗೆ ಸಂಜೆ ಮುಳುಗುವ ಬುದ್ಧಿಯಾದರೂ ಇದೆ. ನಾನು ಮೊಬೈಲನ್ನು ಮೂಗಿನ ಮೇಲೆ ಬೀಳಿಸಿಕೊಂಡೇ ನಿದ್ದೆ ಹೋಗುವವಳು. ಅದಕ್ಕೆ ನನ್ನ ಹತ್ತಿರ ದೊಡ್ಡಮ್ಮನಂಥ ಕಾರಣವೂ ಇಲ್ಲ.

ಈಗ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಕೂಸನ್ನು ನೋಡಬೇಕೆಂದು ಎಂಬತ್ತು ದಾಟಿದ ದೊಡ್ಡಮ್ಮ ನಿನ್ನೆ ಬಂದಳು. ಊಟವಾದ ಮೇಲೆ ಕೂಸು ಅಳಲು ಹಿಡಿಯಿತು. ಹಾಲು ಕುಡಿದಿದೆ, ಬಟ್ಟೆ ಒಣಗಿದೆ, ಆದರೂ ಲೈಟಿನ ಕಡೆಗೆ ಕಣ್ಣು ಕಿವುಚಿ ಅಳುತ್ತದೆ. ಮಗಳು ಸ್ವಿಚ್ಚಿನತ್ತ ಕೈ ಚಾಚಿದವಳು ದೊಡ್ಡಮ್ಮನನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ದೊಡ್ಡಮ್ಮ ಬಂದಾಗ ನಮ್ಮ ಮನೆಯಲ್ಲಿ ಲೈಟು ಆರಿಸುವುದಿಲ್ಲ.

ದೊಡ್ಡಮ್ಮ ಸ್ವಲ್ಪ ಹೊತ್ತು ಕೂಸನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಸ್ವಿಚ್ಚು ಹುಡುಕಿ, ತಾನೇ ಒತ್ತಿದಳು.

ಕೋಣೆ ಕತ್ತಲಾಯಿತು. ಕೂಸು ಇನ್ನೊಂದಿಷ್ಟು ಅತ್ತು ಸುಮ್ಮನಾಯಿತು. ನನಗೆ ಭಯವಾಯಿತು, ಯಾವುದಕ್ಕೆಂದು ಹೇಳಲಾರೆ. ತಡವರಿಸುತ್ತಾ ಹೋಗಿ ಕೂಸಿನ ಎದೆ ಮುಟ್ಟಲು ಕೈ ಚಾಚಿದೆ. ಅಲ್ಲಿ ಆಗಲೇ ದೊಡ್ಡಮ್ಮನ ಕೈ ಇತ್ತು.

'ಉಸುರಾಡ್ತೈತೆ ಕಣಮ್ಮ,' ಎಂದಳು. 'ನೀವು ಮಲಗ್ರಿ. ನಾನು ಕೈ ಇಟ್ಕಂಡಿದ್ದೀನಿ.'