ಎಡಗಣ್ಣಿನ ಕೆಳಗಿನ ನೀಲಿ

ದೆವ್ವ ಕಂಡೆ ಎನ್ನುವವರ ದನಿಯನ್ನು ಅಣಕಿಸುವುದು ಬಲು ಸುಲಭ. ಮೊದಲು ಗಂಟಲು ಇಳಿಸಬೇಕು, ಆಮೇಲೆ ಎರಡು ಮಾತಿಗೊಮ್ಮೆ 'ದೇವರಾಣೆ' ಎನ್ನಬೇಕು. ಯಶವಂತಪುರದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಇಂಥ ಸಂಗತಿಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಈಗ ಬರೆಯಲು ಕೂತರೆ ಆ 'ದೇವರಾಣೆ' ನನ್ನ ಬಾಯಿಗೇ ಬರುತ್ತಿದೆ. ನುಂಗಿಕೊಂಡು ಬರೆಯುತ್ತೇನೆ.

ಏಳೆಂಟು ವರ್ಷದ ಹಿಂದಿನ ಮಾತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಫೋರ್‌ಮನ್‌ನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರನ್ನೂ ಅಣಕಿಸುತ್ತಿದ್ದೆ. ನನ್ನನ್ನೂ ಬಿಟ್ಟಿರಲಿಲ್ಲ, ನನ್ನ ಬಾತುಕೋಳಿ ನಡಿಗೆ, ಬದನೆಕಾಯಿಯಂಥ ಮೂಗು ನನಗೆ ಒಳ್ಳೆಯ ಸರಕು. ಕಾರ್ಖಾನೆಯ ನಾಟಕ ತಂಡದಲ್ಲಿ ಈ ಮುಖಕ್ಕೆ ಆಳಿನ ಪಾತ್ರ ಬಿಟ್ಟರೆ ಇನ್ನೇನೂ ಸಿಗುತ್ತಿರಲಿಲ್ಲವಾದ್ದರಿಂದ ಬೇರೆಯವರಿಗೆ ಬಣ್ಣ ಹಚ್ಚುವುದನ್ನು ಕಲಿತೆ. ನಾಯಕ ಯಾವಾಗಲೂ ಶ್ರೀಧರ. ನನ್ನ ಪಕ್ಕದ ಮೆಷಿನ್ನಿನವನು, ಗೊರಗುಂಟೆಪಾಳ್ಯದವನು, ಆಪ್ತ ಸ್ನೇಹಿತ. ಬಣ್ಣವೇ ಬೇಡದಂಥ ಮುಖ ಅವನದು. ಅದಕ್ಕೆ ಬಣ್ಣ ಹಚ್ಚುವಾಗಲೆಲ್ಲ ನನ್ನ ಹೊಟ್ಟೆಯೊಳಗೆ ಸಣ್ಣಗೆ ಕಿಚ್ಚು ಹತ್ತುತ್ತಿತ್ತು.

ಶ್ರೀಧರನಿಗೆ ಇದ್ದ ಕೊರತೆ ಒಂದೇ. ಮೂಗಿನೊಳಗಿನ ಎಲುಬು ಸೊಟ್ಟಗಿದ್ದು ಉಸಿರಾಟಕ್ಕೆ ತೊಂದರೆ. ಆ ವರ್ಷ ಆಪರೇಷನ್ ಮಾಡಿಸಿಕೊಂಡ. ಮೂಗು ಸರಿಯಾಯಿತು, ಆದರೆ ಎರಡೂ ಕಣ್ಣಿನ ಕೆಳಗೆ ನೇರಳೆಹಣ್ಣು ಜಜ್ಜಿದ ಹಾಗೆ ನೀಲಿಗಟ್ಟಿತು. ಎಡಗಡೆ ಹೆಚ್ಚು. ಮಾಸಲು ಹದಿನೈದು ದಿನ ಬೇಕು ಎಂದರು ಡಾಕ್ಟರು. ಅಷ್ಟರಲ್ಲಿ ಯಲಹಂಕದ ಹೆಣ್ಣಿನ ಕಡೆಯಿಂದ ಕರೆ ಬಂತು, ಭಾನುವಾರವೇ ಬನ್ನಿ ಎಂದು. ಅದು ಬಿಟ್ಟರೆ ಆಷಾಢ. ಒಂದು ತಿಂಗಳು ಮದುವೆಯ ಮಾತೇ ಇಲ್ಲ.

ಶ್ರೀಧರನ ತಾಯಿ ನನ್ನನ್ನು ಮನೆಗೆ ಕರೆಸಿದರು. "ನೀನೇ ಕಾಪಾಡ್ಬೇಕು ಕಣಪ್ಪ. ಮುಖಕ್ಕೆ ಕತ್ತರಿ ಹಾಕ್ಸವ್ನೆ ಅಂತ ಗೊತ್ತಾದ್ರೆ, ಏನ್ ಕಾಯ್ಲೆನೋ ಅಂತ ಬೇಡ ಅಂದ್ಬಿಡ್ತಾರೆ. ಆಷಾಢ ಕಳೆಯೋಷ್ಟ್ರಲ್ಲಿ ಇನ್ನೊಂದು ಗಂಡು ನೋಡ್ಕೊಂಡಿರ್ತಾರೆ."

ನಾನು ಒಪ್ಪಿದೆ. ಭಾನುವಾರ ಬೆಳಿಗ್ಗೆ ಬಣ್ಣದ ಪೆಟ್ಟಿಗೆ ಹಿಡಿದು ಹೋದೆ. ಶ್ರೀಧರ ಕುರ್ಚಿಯಲ್ಲಿ ಕೂತು ಜೇಬಿನಿಂದ ಒಂದು ಫೋಟೊ ತೆಗೆದ. "ಹುಡುಗಿ ನೋಡೋ ಮಗಾ."

ನಳಿನಿ. ನನಗೆ ಅವಳ ಹೆಸರೂ ಗೊತ್ತಿತ್ತು, ಅವಳು ಇಳಿಯುವ ಸ್ಟಾಪೂ ಗೊತ್ತಿತ್ತು. ಯಶವಂತಪುರಕ್ಕೆ ಟೈಪಿಂಗ್ ಕಲಿಯಲು ಬರುತ್ತಿದ್ದಳು. ಅವಳಿರುವ ಬಸ್ಸು ಹಿಡಿಯಲೆಂದೇ ನಾನು ಯಲಹಂಕದ ಪಕ್ಕದ ಅಟ್ಟೂರಿನಲ್ಲಿ ಅಕ್ಕನ ಮನೆಯಲ್ಲಿ ವಾರಕ್ಕೆ ಮೂರು ದಿನ ಉಳಿಯುತ್ತಿದ್ದೆ. ಕಂಡಕ್ಟರ್ ಹಿಂದೆ ತಿರುಗಿದಾಗ ಅವನ ದನಿಯಲ್ಲೇ "ಒಳಗ್ ನಡೀರೀ" ಎನ್ನುತ್ತಿದ್ದೆ. ಇಡೀ ಬಸ್ಸು ನಗುತ್ತಿತ್ತು, ಅವಳು ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಆ ನಗುವನ್ನು ನಾನು ಅರ್ಧ ನಿಶ್ಚಿತಾರ್ಥ ಎಂದುಕೊಂಡಿದ್ದೆ. ಒಂದು ದಿನವೂ ನನ್ನ ಸ್ವಂತ ದನಿಯಲ್ಲಿ ಮಾತಾಡಿರಲಿಲ್ಲ, ಅದು ಬೇರೆ ಮಾತು.

ಓದುಗರಲ್ಲಿ ಮುಚ್ಚಿಡುವುದೇನು? ಮುಂದೆ ಮಾಡಿದ್ದು ಬೇಕೆಂದೇ ಮಾಡಿದ್ದು. ನೀಲಿ ಕಲೆಯ ಮೇಲೆ ನೇರವಾಗಿ ಮೈಬಣ್ಣ ಹಚ್ಚಬಾರದು. ಮೊದಲು ಇಟ್ಟಿಗೆಯ ಕೆಂಪು ತೆಳ್ಳಗೆ ಸವರಬೇಕು, ಅದು ನೀಲಿಯನ್ನು ಕೊಲ್ಲುತ್ತದೆ. ಅದರ ಮೇಲೆ ಮೈಬಣ್ಣ. ಕೆಂಪು ತಪ್ಪಿಸಿದರೆ ಮೊದಲು ಚೆನ್ನಾಗಿಯೇ ಕಾಣುತ್ತದೆ, ಬೆವರಿದ ಮೇಲೆ ಬೂದಿಯ ಹಾಗೆ ಮೇಲೆದ್ದು ಬರುತ್ತದೆ. ಕೆಂಪಿನ ಡಬ್ಬಿಯನ್ನು ನಾನು ಮುಟ್ಟಲೇ ಇಲ್ಲ. ಶ್ರೀಧರ ಕನ್ನಡಿ ನೋಡಿಕೊಂಡು, "ನಿನ್ ಕೈಗೆ ಬಂಗಾರದ ಬಳೆ ಹಾಕ್ಬೇಕು ಗುರು" ಎಂದ.

ಬಾಡಿಗೆ ಕಾರಿನಲ್ಲಿ ಹೆಬ್ಬಾಳ ದಾಟಿ ಯಲಹಂಕ ಮುಟ್ಟುವಾಗ ಮಧ್ಯಾಹ್ನ ಮೂರಾಗಿತ್ತು. ಚಾಪೆಯ ಮೇಲೆ ನನ್ನನ್ನು ಶ್ರೀಧರನ ಪಕ್ಕದಲ್ಲೇ ಕೂರಿಸಿದರು. ಉಪ್ಪಿಟ್ಟು ಬಂತು. ಸೆಕೆಗೆ ಅವನ ಮುಖ ಬೆವರಿತು. ಓರೆಗಣ್ಣಿನಲ್ಲಿ ನೋಡಿದೆ: ಎಡಗಣ್ಣಿನ ಕೆಳಗೆ ಬೂದಿ ಏಳತೊಡಗಿತ್ತು, ನಾನು ಎಣಿಸಿದಂತೆಯೇ. ಇನ್ನೇನು ಯಾರಾದರೂ ಕೇಳುತ್ತಾರೆ ಎಂದು ಕಾದೆ.

ಕೇಳಿದ್ದು ಬಾಗಲೂರಿನಿಂದ ಬಂದಿದ್ದ ನಳಿನಿಯ ಅಜ್ಜಿ. ಕೇಳಿದ್ದು ನನ್ನನ್ನು. "ಇದೇನಪ್ಪಾ, ಎಡಗಣ್ಣು ಇಂಗ್ ಕಪ್ಪಾಗೈತೆ? ಯಾರಾನಾ ಒಡುದ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಳಿನಿಯ ತಂದೆ "ಅಯ್ಯೋ, ಊದ್ಕೊಂಡಿದೆ ಅಲ್ವಾ" ಎಂದರು. ಬಣ್ಣ ತಾಗಿರಬೇಕು ಎಂದುಕೊಂಡು ಬಚ್ಚಲಿಗೆ ಹೋದೆ. ಗೋಡೆಯ ಕನ್ನಡಿಯಲ್ಲಿ ಏನೂ ಇರಲಿಲ್ಲ. ನನ್ನ ಮುಖ, ನನ್ನ ಬದನೆಕಾಯಿ, ಅಷ್ಟೆ. ಒತ್ತಿ ನೋಡಿದೆ, ನೋವಿಲ್ಲ. ಸೋಪು ಹಾಕಿ ಉಜ್ಜಿ ಬಂದೆ. ಅಜ್ಜಿ ಲೊಚಗುಟ್ಟಿದರು: "ಉಜ್ಜಬ್ಯಾಡ ಮಗ, ಇನ್ನೂ ನೀಲಿ ಆಯ್ತು."

ಆಮೇಲೆ ನಳಿನಿ ಕಾಫಿ ತಂದಳು. ಕೂತ ಮೇಲೆ ತಲೆ ಎತ್ತಿದಾಗಲೆಲ್ಲ ನನ್ನನ್ನೇ ನೋಡಿದಳು. ಶ್ರೀಧರನನ್ನಲ್ಲ, ನನ್ನನ್ನು! ಕಣ್ಣಿನ ವಿಷಯ ಮರೆತೇಹೋಯಿತು. ಬಸ್ಸಿನ ನಗು ಸುಳ್ಳಲ್ಲ, ಶ್ರೀಧರ ಬೇಡ ಎನ್ನುತ್ತಾಳೆ ಎಂದುಕೊಂಡೆ. ಒಳಗೆ ಹೋದ ಅಜ್ಜಿ ಹೊರಗೆ ಬಂದು, ಹುಡುಗಿ ಒಪ್ಪಿದ್ದಾಳೆ ಎಂದರು. ತಾಂಬೂಲ ಬದಲಾಯಿತು. ಶ್ರೀಧರನ ಮುಖದ ಬೂದಿ ನನಗೊಬ್ಬನಿಗೇ ಕಾಣುತ್ತಿತ್ತೋ ಏನೋ.

ಕಾರಿನಲ್ಲಿ ಶ್ರೀಧರನೂ, "ನಿಂಗೇನಾಯ್ತೋ, ಎಲ್ಲಿ ಗುದ್ದಿಸ್ಕೊಂಡೆ?" ಎಂದ. ಇದೆಲ್ಲ ನನ್ನ ಮೇಲಿನ ಸೇಡು ಎನಿಸಿತು. ಊರಿನವರನ್ನೆಲ್ಲ ಅಣಕಿಸಿದವನಿಗೆ ಊರೇ ಸೇರಿ ನಾಟಕ ಹೂಡಿದೆ. ಆದರೆ ಮರುದಿನ ಎಂದೂ ಕಾಣದ ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಯಾರ್ ಗುರು ಬಾರ್ಸಿದ್ದು?" ಎಂದ. ಆರ್.ಟಿ. ನಗರದ ಗೊತ್ತಿಲ್ಲದ ಕ್ಷೌರಿಕ ಕತ್ತಿ ಹಿಡಿದು, ಅಲ್ಲಿ ಮುಟ್ಟಲೇ ಎಂದು ಕೇಳಿದ. ಅವನ ಮೂರು ಕನ್ನಡಿಗಳಲ್ಲೂ ನನಗೆ ಏನೂ ಕಾಣಲಿಲ್ಲ. ವಾರ ಕಳೆದ ಮೇಲೆ ನನ್ನ ತಾಯಿ, "ಹಳದಿಗೆ ತಿರುಗ್ತಿದೆ, ವಾಸಿ ಆಗುತ್ತೆ ಬಿಡು" ಎಂದರು. ಹತ್ತು ಹನ್ನೆರಡು ದಿನಕ್ಕೆ ಕೇಳುವವರು ನಿಂತರು.

ಶ್ರೀಧರ-ನಳಿನಿಯರ ಮದುವೆ ಶ್ರಾವಣದಲ್ಲಾಯಿತು. ಮದುವೆಯ ದಿನವೂ ನಾನೇ ಬಣ್ಣ ಹಚ್ಚಿದೆ.

ಕಳೆದ ತಿಂಗಳು ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ತಡೆಯಲಾರದೆ ನಳಿನಿಯನ್ನು ಕೇಳಿದೆ, ಹೆಣ್ಣು ನೋಡಲು ಬಂದ ದಿನ ಇವನ ಮುಖದಲ್ಲಿ ಏನಾದರೂ ಕಂಡಿತ್ತೇ ಎಂದು. ಅವಳು ನಕ್ಕಳು. "ಇವರ ಮುಖ ಎಲ್ಲಿ ನೋಡ್ದೆ? ಪೂರ್ತಿ ಹೊತ್ತು ನಿಮ್ ಕಣ್ಣೇ ನೋಡ್ತಿದ್ದೆ. ಬಸ್ಸಲ್ಲಿ ಎಲ್ಲರನ್ನ ನಗಿಸ್ತಿದ್ದೋರು, ಪಾಪ, ಯಾರೋ ಹಿಂಗೆ ಹೊಡೆದಿದಾರಲ್ಲ ಅಂತ."

"ಮತ್ತೆ ಒಪ್ಪಿದ್ದು ಹೇಗೆ?"

"ಏಟು ತಿಂದಿರೋ ಫ್ರೆಂಡನ್ನ ನಾಚ್ಕೊಳ್ಳದೆ ಪಕ್ಕದಲ್ಲೇ ಕೂರಿಸ್ಕೊಂಡು ಹೆಣ್ ನೋಡಕ್ಕೆ ಬಂದಿದಾರೆ. ಒಳ್ಳೆ ಮನುಷ್ಯ ಇರ್ಬೇಕು ಅನ್ನಿಸ್ತು."

ಶ್ರೀಧರ ನನ್ನ ಬೆನ್ನು ತಟ್ಟಿ ಇನ್ನೊಂದು ಹೋಳಿಗೆ ಬಡಿಸಿದ. ಕೆಂಪಿನ ಡಬ್ಬಿಯ ವಿಷಯ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಜನ ಕಂಡದ್ದು ನನಗೊಬ್ಬನಿಗೆ ಯಾಕೆ ಕಾಣಲಿಲ್ಲ, ಅದು ಬಂದದ್ದು ಎಲ್ಲಿಂದ, ನನಗೂ ಇವತ್ತಿಗೂ ಗೊತ್ತಿಲ್ಲ. ಹೋಳಿಗೆ ತಿಂದು ಮುಗಿಸಿದೆ. ಆಗಲೂ ಹೊಟ್ಟೆ ಉರಿಯುತ್ತಲೇ ಇತ್ತು.