ತಾಯಿ ಕಾರ್ಡಿನಲ್ಲಿ ನಾನು ಬರೆದ ಸುಳ್ಳು ಅಂಕಿಗಳು

ಕೋವಿಡ್ ಕಳೆದ ಮರುವರ್ಷ ನಾನು ಮುಂಡಗೋಡ ತಾಲೂಕಿನ ಮಳಗಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಐದು ಹಳ್ಳಿಗಳ ಗರ್ಭಿಣಿಯರ ತಪಾಸಣೆ ನನ್ನ ಹೊಣೆ.

ಬಿಪಿ ನೋಡುವುದು ಕಿವಿಯ ಕೆಲಸ. ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ನಿಧಾನವಾಗಿ ಬಿಡಬೇಕು. ಸ್ಟೆತಾಸ್ಕೋಪಿನಲ್ಲಿ ಬಡಿತ ಮೊದಲು ಕೇಳಿಸಿದಾಗ ಮೇಲಿನ ಅಂಕಿ, ಅದು ನಿಂತಾಗ ಕೆಳಗಿನ ಅಂಕಿ. ಹಲವು ತಿಂಗಳಿಂದ ನನಗೆ ಆ ಬಡಿತ ಕೇಳುತ್ತಿರಲಿಲ್ಲ. ಮೊದಲು ಸ್ಟೆತಾಸ್ಕೋಪನ್ನು ಬೈದು ಹೊಸದು ತರಿಸಿದೆ. ಆಮೇಲೆ ಹೊರಗೆ ಮಾತಾಡುತ್ತ ಕೂತ ಹೆಂಗಸರನ್ನು ಬೈದೆ. ಕೊನೆಗೆ ಹಿಂದಿನ ತಿಂಗಳ ಅಂಕಿ ನೋಡಿ ಅದರ ಆಸುಪಾಸಿನದೊಂದನ್ನು ಬರೆಯತೊಡಗಿದೆ. ಡಿಜಿಟಲ್ ಯಂತ್ರ ಕೆಟ್ಟು ಕಪಾಟಿನಲ್ಲಿತ್ತು. ಬೇರೆಯದು ಬೇಕೆಂದರೆ ಯಾಕೆಂದು ಕೇಳುತ್ತಾರಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ.

ಆಗ ನಮ್ಮ ಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಶಬಾನಾ ಬಂದಳು. ದಾಂಡೇಲಿಯ ಮೆಕ್ಯಾನಿಕ್ ಒಬ್ಬರ ಮಗಳು. ಮೊದಲ ದಿನದಿಂದಲೇ ನನಗೆ ಅವಳನ್ನು ಕಂಡರಾಗಲಿಲ್ಲ. ನನ್ನನ್ನು ಹಂಗಿಸಲೆಂದೇ ಸಣ್ಣ ದನಿಯಲ್ಲಿ ಮಾತಾಡುತ್ತಾಳೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಎಂಟು ತಿಂಗಳ ಬಸುರಿ ಗಂಗವ್ವ ಅತ್ತೆಯ ಜೊತೆ ಬಂದಳು. ನಾನು ಪಟ್ಟಿ ಕಟ್ಟಿ ಬಿಚ್ಚಿದೆ. ಪ್ರತಿ ತಪಾಸಣೆಯನ್ನೂ ದಾಖಲಿಸುವ ತಾಯಿ ಕಾರ್ಡಿನಲ್ಲಿ 120/80 ಎಂದು ಬರೆದೆ. ಬೆನ್ನ ಹಿಂದಿನಿಂದ ಗಂಗವ್ವ ಏನೋ ಹೇಳಿದ್ದು ನನಗೆ ಕೇಳಿಸಲಿಲ್ಲ, ಶಬಾನಾಗೆ ಕೇಳಿಸಿತು. ಅವಳು ಗಂಗವ್ವನನ್ನು ಮತ್ತೆ ಕೂರಿಸಿ ತಾನೇ ಬಿಪಿ ನೋಡಿ, ನನ್ನ ಮುಂದೆ ಬಂದು ನಿಂತಳು.

"ಸಿಸ್ಟರ್, 170/110 ಐತ್ರಿ. ತಲಿ ಸಿಡಿತೈತಿ, ಕಣ್ಣ ಮಬ್ಬಾಗತಾವ ಅಂತ ಹೇಳಾಕತ್ತಾರ."

"ನನ್ನ ಸರ್ವಿಸಿನಷ್ಟ ನಿನಗ ವಯಸ್ಸಾಗಿಲ್ಲ. ನನಗ ಕಲಸಾಕ ಬರಬ್ಯಾಡ!" ಎಂದು ಕೂಗಿದೆ.

ಅವಳು ವಾದಕ್ಕೆ ನಿಲ್ಲದೆ 108ಕ್ಕೆ ಫೋನ್ ಮಾಡಿದಳು. ಬಾಗಿಲಲ್ಲಿದ್ದ ಅತ್ತೆ ಒಳಗೆ ನುಗ್ಗಿ ನನ್ನ ಮುಖದೆದುರು ಕೈ ಆಡಿಸಿದಳು. "ಆಕಿ ಮೂರ ಸಲ ಹೇಳಿದ್ಳು. ನಿನಗ ಕಿವಿ ಕೇಳಸೂದಿಲ್ಲೇನ ನರ್ಸಬಾಯಿ? ಕಿವುಡಿ ಕೈಯಾಗ ಕೊಟ್ಟಿದ್ವೇನ ನಮ್ಮ ಸೊಸೀನ?"

ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಗಂಗವ್ವನಿಗೆ ಫಿಟ್ಸ್ ಬಂತು. ಆಪರೇಷನ್ ಮಾಡಿ ಮಗುವನ್ನು ತೆಗೆದರು. ಎರಡೂ ಜೀವ ಉಳಿದವು. ಸುದ್ದಿ ಬಂದ ಮೇಲೂ ಎರಡು ದಿನ ನಾನು ಶಬಾನಾಳ ಮೇಲಿನ ದೂರಿನ ವಾಕ್ಯಗಳನ್ನೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಮೂರನೆಯ ದಿನ ಅವಳು ಹನ್ನೊಂದು ಗರ್ಭಿಣಿಯರ ಹೆಸರು ಬರೆದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು. ಪ್ರತಿ ಹೆಸರಿನ ಮುಂದೆ ನಾನು ಬರೆದ ಬಿಪಿ ಇತ್ತು. ಈ ಸಲ ಗಟ್ಟಿಯಾಗಿಯೇ ಕೇಳಿದಳು. "ಇದ್ರಾಗ ಖರೇ ಎಷ್ಟ ಅದಾವ್ರಿ?"

ಹನ್ನೊಂದೂ ಹೆಸರು ಓದಿದೆ. "ಒಂದೂ ಇಲ್ಲ" ಎಂದೆ.

"ಹಂಗಾರ ಈಗ ಹೋಗೂಣು, ನಡೀರಿ."

ಮನೆಮನೆಯ ಬಾಗಿಲಲ್ಲಿ ನಿಂತು ನಾನೇ ಹೇಳಬೇಕಾಯಿತು: "ನನಗ ಕಿವಿ ಕೇಳೂದಿಲ್ರಿ. ನಾ ಬರದ ಬಿಪಿ ನಂಬಬ್ಯಾಡ್ರಿ." ಒಬ್ಬಳ ಗಂಡ ಕಾರ್ಡನ್ನು ನನ್ನ ಕಾಲ ಬಳಿ ಎಸೆದ. ಒಬ್ಬಾಕೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಶಬಾನಾಳನ್ನು ಮಾತ್ರ ಒಳಗೆ ಕರೆದಳು. ಒಂಬತ್ತನೆಯ ಮನೆಯ ಹೆಂಗಸಿಗೆ ಬಿಪಿ ಏರಿತ್ತು. ಆಕೆಯನ್ನು ಅಂದೇ ತಾಲೂಕು ಆಸ್ಪತ್ರೆಗೆ ಸೇರಿಸಿದೆವು.

ನಡೆದದ್ದನ್ನೆಲ್ಲ ವೈದ್ಯಾಧಿಕಾರಿಗೆ ಬರೆದುಕೊಟ್ಟೆ. ನೋಟಿಸ್ ಬಂತು, ತಪಾಸಣೆಯ ಕೆಲಸ ಹೋಯಿತು. ಎರಡೂ ಕಿವಿಗೆ ಯಂತ್ರ ಬೇಕೆಂದು ಪರೀಕ್ಷೆಯಲ್ಲಿ ತಿಳಿಯಿತು. ಹಾಕಿಕೊಂಡ ಮೊದಲ ವಾರ ಪಾತ್ರೆಯ ಸದ್ದು, ನಾನೇ ಅಗಿಯುವ ಸದ್ದು ತಲೆಗೆ ಬಡಿಯುತ್ತಿದ್ದವು. ಕಿತ್ತೆಸೆದು, ಬೈದು, ಮತ್ತೆ ಹಾಕಿಕೊಂಡೆ. ಶಬಾನಾಳ ದನಿ ನಿಜಕ್ಕೂ ಸಣ್ಣದಲ್ಲ ಎಂದು ಆಗ ಗೊತ್ತಾಯಿತು. ನಾವು ಗೆಳತಿಯರಾಗಲಿಲ್ಲ. ಮಗುವನ್ನು ನೋಡಲು ಹೋದಾಗ ಗಂಗವ್ವ ಅದನ್ನೆತ್ತಿಕೊಂಡು ಒಳಗೆ ಹೋದಳು. ಅವಳದು ತಪ್ಪೆನ್ನಲಾರೆ.

ಹೊಸ ನರ್ಸುಗಳು ಸಿಕ್ಕರೆ ಒಂದೇ ಮಾತು ಹೇಳುತ್ತೇನೆ. ಬಡಿತ ಕೇಳಿಸದಿದ್ದರೆ ಕಾರ್ಡಿನ ಆ ಜಾಗವನ್ನು ಖಾಲಿ ಬಿಡಿ. ಖಾಲಿ ಕಂಡರೆ ಯಾರಾದರೂ ಯಾಕೆಂದು ಕೇಳುತ್ತಾರೆ. ತುಂಬಿದ್ದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.