ಕತ್ತಿನಿಂದಲೇ ಪಟ್ಟೆ

ಸತ್ತ ಹಾವನ್ನು ಕೋಲಿನ ತುದಿಗೆ ನೇತುಹಾಕಿಕೊಂಡು ತೋರಿಸಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕುಮಟಾದಿಂದ ಭಟ್ಕಳದವರೆಗೆ ಘಟ್ಟದ ಬುಡದ ಕಾಡುಗಳಲ್ಲಿ ಹಾವು, ಕಪ್ಪೆ ಹುಡುಕುವುದು ನನ್ನ ಕೆಲಸ. ಹಳ್ಳದ ಕಲ್ಲು ಮಗುಚಿ ಗೊದಮೊಟ್ಟೆ ನೋಡುವುದು, ತರಗೆಲೆ ಕೆದಕುವುದು, ಸಿಕ್ಕಿದ್ದನ್ನು ಅಳೆದು, ಫೋಟೊ ತೆಗೆದು, ಸಿಕ್ಕಲ್ಲೇ ಬಿಟ್ಟು ಬರುವುದು. ಕಾಡಿನಲ್ಲಿ ಒಂದು ಹಾವು ಕಾಣಬೇಕಾದರೆ ನಾಲ್ಕು ದಿನ ಇಂಬಳಕ್ಕೆ ರಕ್ತ ಕೊಡಬೇಕು. ಊರಿಗೆ ಇಳಿದರೆ ಮಾತ್ರ ಹೆಣಗಳು ಪುಕ್ಕಟೆ ಸಿಗುತ್ತವೆ.

ಆ ಹೆಣಗಳಲ್ಲಿ ಹೆಚ್ಚಿನವು ತೋಳಹಾವಿನವು. ಕಂದು ಮೈಮೇಲೆ ಬಿಳಿ ಪಟ್ಟೆಯ, ವಿಷವಿಲ್ಲದ ಬಡಪಾಯಿ ಅದು. ಗೋಡೆಯ ಸಂದಿಯಲ್ಲಿ ಹಲ್ಲಿ ತಿಂದುಕೊಂಡು ಬದುಕುತ್ತದೆ. ನೋಡಲು ಕಡಂಬಳದ ಹಾಗಿರುವುದೇ ಅದರ ಗ್ರಹಚಾರ. ಕಡಂಬಳವೆಂದರೆ ಪುಸ್ತಕದವರು ಕಟ್ಟುಹಾವು ಅನ್ನುತ್ತಾರಲ್ಲ, ಅದು. ಕಚ್ಚಿದರೆ ನೋವಿಲ್ಲ, ಊತವಿಲ್ಲ. ಕೆಲವು ಗಂಟೆಗಳಲ್ಲಿ ಉಸಿರೆಳೆಯುವ ಶಕ್ತಿಯೇ ಹೋಗುತ್ತದೆ.

ಕೊಲ್ಲುವುದನ್ನು ನಿಲ್ಲಿಸಬೇಕೆಂಬ ಹಟಕ್ಕೆ ಬಿದ್ದು ನಾನೊಂದು ಚಿತ್ರದ ಹಾಳೆ ಮಾಡಿಸಿದೆ. ಅದರಲ್ಲಿ ಒಂದೇ ನಿಯಮ. ಕತ್ತಿನಿಂದಲೇ ಪಟ್ಟೆ ಶುರುವಾದರೆ ತೋಳಹಾವು, ಹೆದರಬೇಡಿ. ಕತ್ತು ಬೋಳಾಗಿದ್ದು ಪಟ್ಟೆ ಕೆಳಗೆ ಶುರುವಾದರೆ ಕಡಂಬಳ, ದೂರ ನಿಲ್ಲಿ. ಕಡಂಬಳದ ಮರಿಗೆ ಕತ್ತಿನವರೆಗೂ ಪಟ್ಟೆ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಂಬಬಹುದಾದ ಗುರುತು ಬೆನ್ನಿನ ನಡುವೆ ಸಾಲಾಗಿರುವ ದೊಡ್ಡ, ಆರು ಮೂಲೆಯ ಹುರುಪೆಗಳು ಎಂಬುದೂ ಗೊತ್ತಿತ್ತು. ಅದನ್ನೆಲ್ಲ ಹೇಳಹೊರಟರೆ ಜನ ತಲೆಬಿಸಿ ಮಾಡಿಕೊಂಡು ಎಲ್ಲವನ್ನೂ ಬಡಿದುಹಾಕುತ್ತಾರೆ, ಮರಿಯೇನು ದಿನಾ ಸಿಗುತ್ತದೆಯೇ ಎಂದುಕೊಂಡು ಬಿಟ್ಟೆ. ಹಾಳೆಯನ್ನು ಮಿರ್ಜಾನದಿಂದ ಹಿಡಿದು ಭಟ್ಕಳದ ತನಕ ಮನೆಮನೆಗೆ, ಶಾಲೆಶಾಲೆಗೆ ಹಂಚಿದೆ.

ಅದನ್ನು ಮೊದಲು ಕಲಿತವಳು ಅಕ್ಕ. ಸ್ವಂತ ಅಕ್ಕನಲ್ಲ, ಮಿರ್ಜಾನದ ಹತ್ತಿರ ಗದ್ದೆ, ತರಕಾರಿ ಮಾಡಿಕೊಂಡಿದ್ದ ಐವತ್ತು ದಾಟಿದ ಹೆಂಗಸು. ಅವಳ ಮಗ ಹೊನ್ನಾವರದ ಹತ್ತಿರದ ಕಾಸರಕೋಡದ ಬಂದರಿನಲ್ಲಿ ಬೋಟುಗಳಿಗೆ ಐಸ್ ತುಂಬುತ್ತಿದ್ದ. ದಿನವೂ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಐದು ವರ್ಷದಿಂದ ಅಕ್ಕನೇ ನನಗೆ ಕಾಡಿನ ದಾರಿ ತೋರಿಸುವವಳು. ಅವಳಿಲ್ಲದೆ ನನ್ನ ಟಿಪ್ಪಣಿಯ ಒಂದು ಪುಟವೂ ತುಂಬುತ್ತಿರಲಿಲ್ಲ. ಒಮ್ಮೆ ಹಳ್ಳ ಹತ್ತುವಾಗ ಹಿಂದಿನಿಂದ ನನ್ನ ಜಡೆಯನ್ನೇ ಹಿಡಿದು ಜಗ್ಗಿದಳು. ಉರಿದು ತಿರುಗಿದೆ. ನಾನು ಅಂಗೈ ಊರಲಿದ್ದ ಕಲ್ಲಿನ ಮೇಲೆ ಪಾಚಿಯ ಬಣ್ಣದ ವಿಷದ ಹಾವು, ಗುಳಿಮಂಡಲ, ಸುತ್ತಿಕೊಂಡಿತ್ತು.

"ಕಣ್ಣು ಎಲ್ಲಿ ಇಟ್ಕಂಡಿದ್ದಿ ಮಾರಾಯ್ತಿ? ಪುಸ್ತಕದ ಒಳಗಾ?" ಅಂದಳು.

ಅಂಥವಳು ಓದುಬರಹ ಬಾರದಿದ್ದರೂ ನನ್ನ ನಿಯಮವನ್ನು ಬಾಯಿಪಾಠ ಮಾಡಿದಳು. ಊರಿನಲ್ಲಿ ಯಾರಾದರೂ ದೊಣ್ಣೆ ಎತ್ತಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದಳು. ನನಗೋ ಹೆಮ್ಮೆಯೋ ಹೆಮ್ಮೆ.

ಮಳೆ ಶುರುವಾಗಿ ವಾರವಾಗಿತ್ತು. ಬೆಳಿಗ್ಗೆ ಕುಮಟಾದ ನನ್ನ ಬಾಡಿಗೆ ಕೋಣೆಯಲ್ಲಿ ದೋಸೆ ಹುಯ್ಯುತ್ತಿದ್ದಾಗ ಅಕ್ಕನ ಫೋನು ಬಂತು.

"ತಂಗಿ, ನಿನ್ನ ತೋಳಹಾವು ಸಿಕ್ತು. ತೆಂಗಿನ ಸಿಪ್ಪೆ ರಾಶಿ ಅಡಿಗೆ ಇತ್ತು. ಪಕ್ಕದ ಮನೆಯವ್ರು ದೊಣ್ಣೆ ತಂದ್ರು, ನಾ ಬಿಡ್ಲಿಲ್ಲ. ಕೈಯಲ್ಲೇ ಹಿಡ್ದು ಡಬ್ಬಿಗೆ ಹಾಕಿಟ್ಟಿದ್ದೆ. ಬಾ ಬೇಗ."

"ಶಾಭಾಸ್ ಅಕ್ಕಾ!" ಅಂದೆ. ಹೌದು, ಶಾಭಾಸ್ ಅಂದೆ. ದೋಸೆ ಮುಗಿಸಿ, ಚಾ ಕುಡಿದು ಸ್ಕೂಟರ್ ಹತ್ತಿದೆ.

ಅವಳು ಜಗಲಿಯ ಮೇಲೆ ಕೂತು ಅಲಸಂದೆ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮುಚ್ಚಳಕ್ಕೆ ತೂತು ಹೊಡೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಎತ್ತಿ ಬೆಳಕಿಗೆ ಹಿಡಿದೆ. ಕಂದು ಅಲ್ಲ, ಹೊಳೆಯುವ ಕಪ್ಪು. ಪಟ್ಟೆ ಕತ್ತಿನಿಂದಲೇ ಶುರುವಾಗಿತ್ತು. ಬೆನ್ನಿನ ನಡುವೆ ಬಾಲದವರೆಗೂ ದೊಡ್ಡ ಹುರುಪೆಗಳ ಸಾಲು.

"ಕಚ್ಚಿತಾ ಅಕ್ಕಾ?"

"ಬೆರಳಿಗೆ ಒಂಚೂರು ಬಾಯಿ ಹಾಕ್ತು. ಇರುವೆ ಕಚ್ಚಿದಷ್ಟೂ ಇಲ್ಲ. ವಿಷ ಇಲ್ದಿದ್ದಲ್ಲಾ, ಎಂತಾ ಆಗೂದು?"

"ಯಾವಾಗ?"

"ನಿಂಗೆ ಫೋನ್ ಮಾಡೂಕೆ ಸ್ವಲ್ಪ ಮುಂಚೆ."

ಒಂದು ಗಂಟೆ ದಾಟಿತ್ತು. ಅದರಲ್ಲಿ ನನ್ನ ದೋಸೆ, ಚಹಾದ ಹೊತ್ತೂ ಸೇರಿತ್ತು.

"ಅಕ್ಕಾ, ಇದು ಕಡಂಬಳದ ಮರಿ. ಏಳು, ಆಸ್ಪತ್ರೆಗೆ ಹೋಗ್ಬೇಕು."

ಅವಳು ನಕ್ಕಳು. "ಹೋಗೇ! ಕತ್ತಿಂದ್ಲೇ ಪಟ್ಟೆ ಅದೆ ನೋಡು. ನೀನೇ ಹೇಳಿದ್ದಲ್ಲಾ?"

ಓಡಿಹೋಗಿ ಪಕ್ಕದ ಮನೆಯ ಆಟೊ ಹೊರಡಿಸಿದೆ. ಅವಳಿಗೆ ಇನ್ನೂ ನಂಬಿಕೆಯಿಲ್ಲ. ಬಾಗಿಲಿಗೆ ಚಿಲಕ ಹಾಕಿ, ಕೋಳಿಗೆ ಅಕ್ಕಿ ಚೆಲ್ಲಿಯೇ ಹತ್ತಿದಳು. ಹೆದ್ದಾರಿಗೆ ಬರುವಾಗ ಒಂದು ಆಕಳಿಕೆ. ಮುಂದೆ ಇನ್ನೊಂದು.

"ಎಂತದೋ ನಿದ್ದೆ ಎಳೀತದೆ ತಂಗಿ."

"ಮಲಗ್ಬೇಡ. ನನ್ನ ನೋಡು. ಕಣ್ಣು ಪೂರ್ತಿ ಬಿಡು."

ಬಿಡಲು ನೋಡಿದಳು. ರೆಪ್ಪೆ ಅರ್ಧಕ್ಕೇ ನಿಂತಿತು. ಹಣೆಯನ್ನು ಮೇಲೆತ್ತಿ, ತಲೆ ಹಿಂದಕ್ಕೆ ಚಾಚಿ, ರೆಪ್ಪೆಯ ಸಂದಿಯಿಂದ ನನ್ನನ್ನು ನೋಡಿದಳು. ಆಗ ಅವಳಿಗೂ ಗೊತ್ತಾಯಿತು. ನನ್ನ ಕೈ ಹಿಡಿದುಕೊಂಡಳು.

ಕುಮಟಾದ ಆಸ್ಪತ್ರೆಯ ಡಾಕ್ಟರು ಚುರುಕಿನವರು. ಡಬ್ಬಿ ನೋಡಿದರು, ರೆಪ್ಪೆ ನೋಡಿದರು, ಹಾವಿನ ವಿಷಕ್ಕೆ ಔಷಧ ಏರಿಸಿದರು. ಆದರೆ ಕಡಂಬಳದ ವಿಷ ಒಮ್ಮೆ ನರಕ್ಕೆ ಹತ್ತಿದ ಮೇಲೆ ಔಷಧದ ಮಾತನ್ನು ಬೇಗ ಕೇಳುವುದಿಲ್ಲ. ಹತ್ತೂವರೆಗೆ ಅವಳಿಗೆ ಉಗುಳು ನುಂಗಲಾಗಲಿಲ್ಲ. ಹನ್ನೊಂದಕ್ಕೆ ಮಾತು ಮೂಗಿನಲ್ಲಿ ಗುಂಯ್ಗುಟ್ಟಿ ನಿಂತಿತು. ಆಮೇಲೆ ಎದೆ ಏಳುವುದು ಕಡಿಮೆಯಾಗುತ್ತ ಬಂದು, ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿದರು.

"ದಿನಗಟ್ಟಲೆ ಮಶಿನ್ನಿನ ಉಸಿರು ಬೇಕಾಗ್ತದೆ. ಭಟ್ಕಳ ದಾಟಿ ದೊಡ್ಡ ಆಸ್ಪತ್ರೆಗೇ ಹೋಗ್ಬೇಕು. ದಾರಿಯಲ್ಲಿ ಕೈಯಿಂದ ಉಸಿರು ಕೊಡ್ತಾ ಹೋಗಿ" ಅಂದರು.

ಆಂಬುಲೆನ್ಸಿನಲ್ಲಿ ಒಬ್ಬ ನರ್ಸ್, ನಾನು, ಅಕ್ಕ. ಕೊಳವೆಯ ತುದಿಗೆ ಸಣ್ಣ ತೆಂಗಿನಕಾಯಿ ಗಾತ್ರದ ರಬ್ಬರಿನ ಚೀಲ. ಐದು ಎಣಿಸುವುದರೊಳಗೆ ಒಮ್ಮೆ ಒತ್ತಬೇಕು. ಒತ್ತಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ, ಮತ್ತೆ ಒತ್ತುವವರೆಗೆ ಏನೂ ಇಲ್ಲ. ನರ್ಸ್ ನಾಡಿ, ಔಷಧ ನೋಡಿಕೊಂಡರು. ಚೀಲ ನನ್ನ ಕೈಗೆ ಬಂತು. ಹೊಂಡ ಬಂದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ಜೀವಮಾನದಲ್ಲಿ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಹೊನ್ನಾವರ ದಾಟಿ, ಶರಾವತಿ ಸೇತುವೆ ಇಳಿದ ಕೂಡಲೇ ಅವಳ ಮಗ ರಸ್ತೆಯಲ್ಲಿ ನಿಂತಿದ್ದ. ಫೋನ್ ಮಾಡಿ ಕರೆಸಿದ್ದೆ. ಐಸಿನ ನೀರಿನಲ್ಲಿ ನೆನೆದ ಅಂಗಿಯಲ್ಲೇ ಹತ್ತಿದ. ತಾಯಿಯ ಮುಖ ನೋಡಿದ. ಒಣಗಬಾರದೆಂದು ಕಣ್ಣಿನ ರೆಪ್ಪೆಗೆ ಟೇಪು ಹಚ್ಚಿದ್ದರು. ಕೈಕಾಲು ಬಿದ್ದಲ್ಲೇ ಬಿದ್ದಿದ್ದವು. ಹೆಣ ಅಲ್ಲ ಎಂದು ಹೇಳಲು ನಾನು ಒತ್ತುತ್ತಿದ್ದ ಚೀಲವೊಂದೇ ಸಾಕ್ಷಿ.

"ಅವ್ಳು ಅದ್ನ ಎಂತಕ್ಕೆ ಮುಟ್ಟಿದ್ಳು ಮೇಡಂ? ಮುಂಚೆ ಹಾವು ಕಂಡ್ರೆ ಅಷ್ಟು ದೂರ ನಿಲ್ತಿದ್ಳು. ಕೈಯಲ್ಲಿ ಹಿಡಿ ಅಂತ ಯಾರು ಹೇಳಿದ್ರು ಅವ್ಳಿಗೆ?"

ಹೇಳಬಹುದಿತ್ತು. ಆದರೆ ಬಂದದ್ದು ಬೇರೆ ಮಾತು, ಸರಾಗವಾಗಿಯೇ ಬಂತು.

"ನನ್ನ ಒಂದು ಮಾತೂ ಕೇಳಲಿಲ್ಲ ನೋಡು. ಯಾವ ಹಾವನ್ನೂ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದ್ದೆ. ಸ್ವಂತ ಧೈರ್ಯದ ಮೇಲೆ ಹಿಡಿದುಬಿಟ್ಟಿದ್ದಾಳೆ."

ಅವನು ತಾಯಿಯ ಕಿವಿಯ ಹತ್ತಿರ ಬಗ್ಗಿ, "ಹುಚ್ಚಿ, ಹುಚ್ಚಿ ನೀನು" ಎಂದು ಅತ್ತ. ನಾನು ಎಣಿಸುತ್ತ ಒತ್ತುತ್ತಿದ್ದೆ.

ಭಟ್ಕಳದ ಪೇಟೆಯಲ್ಲಿ ಆಂಬುಲೆನ್ಸ್ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಡ್ರೈವರ್ ಆ ಊರಿನವನೇ. ಕಿಟಕಿಯಿಂದ ಅರ್ಧ ಹೊರಬಿದ್ದು ಉರ್ದುವಿನಲ್ಲಿ, ಕನ್ನಡದಲ್ಲಿ, ನವಾಯತಿಯಲ್ಲಿ ಕೂಗಿದ. ಅಂಗಡಿಯವರು ಇಳಿದು ಬಂದು ಲಾರಿಗಳನ್ನು ಹಿಂದೆ ತಳ್ಳಿಸಿದರು. ಅಷ್ಟರಲ್ಲಿ ನರ್ಸ್ ನಾಡಿಯ ಮೇಲಿನ ಬೆರಳನ್ನು ಎರಡು ಸಲ ಸರಿಸಿ ಹುಡುಕಿದರು. ನನ್ನ ಮಣಿಕಟ್ಟು ಮರಗಟ್ಟಿತ್ತು. "ಬಿಡಬೇಡಿ, ಒತ್ತಿ, ಒತ್ತಿ" ಅಂದರು. ಒತ್ತಿದೆ. ನಾಡಿ ಸಿಕ್ಕಿತು. ವಾಹನ ಕದಲಿತು.

ದೊಡ್ಡ ಆಸ್ಪತ್ರೆಯಲ್ಲಿ ಆರು ದಿನ ಮಶಿನ್ ಅವಳ ಉಸಿರಾಡಿತು. ಆ ಆರು ದಿನವೂ ಮಗ ನನಗೆ ಚಾ ತಂದುಕೊಟ್ಟ. "ನೀವಿಲ್ದೇ ಇದ್ರೆ ಅವ್ಳು ಹೋಗ್ತಿದ್ಳು ಮೇಡಂ" ಎಂದು ಬಂದುಹೋದ ನೆಂಟರಿಗೆಲ್ಲ ಹೇಳಿದ. ನಾನು ಆ ಚಾವನ್ನೂ ಕುಡಿದೆ, ಆ ಮಾತನ್ನೂ ನುಂಗಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಏಳನೆಯ ದಿನ ಕೊಳವೆ ತೆಗೆದರು. ಎಂಟನೆಯ ದಿನ ವಾರ್ಡಿಗೆ ತಂದರು. ಮಗ ಗಂಜಿ ತರಲು ಹೋಗಿದ್ದ. ಅಕ್ಕನ ದನಿ ಸೋರೆಬುರುಡೆಯೊಳಗಿಂದ ಬಂದ ಹಾಗಿತ್ತು.

"ತಂಗಿ, ನಂಗೆ ಎಲ್ಲಾ ಕೇಳ್ತಿತ್ತು."

ಕಡಂಬಳ ಕಚ್ಚಿದವರು ಬೆರಳು ಅಲ್ಲಾಡಿಸಲಾಗದೆ ಹೆಣದಂತೆ ಬಿದ್ದಿದ್ದರೂ ಎಚ್ಚರವಾಗಿರಬಹುದು, ಕಿವಿ ಕೇಳುತ್ತಿರಬಹುದು. ಇದನ್ನು ಶಾಲೆಗಳಲ್ಲಿ ಬೋರ್ಡಿನ ಮುಂದೆ ನಿಂತು ಎಷ್ಟೋ ಸಲ ಹೇಳಿದವಳು ನಾನೇ. ಆಂಬುಲೆನ್ಸಿನಲ್ಲಿ ಮರೆತುಹೋಗಿತ್ತು ಎಂದು ಬರೆದರೆ ಅದು ಎರಡನೆಯ ಸುಳ್ಳು. ನೆನಪಿತ್ತು. ಇವಳಿಗೆ ಕೇಳಿಸದಿರಲಿ ಎಂದುಕೊಂಡೇ ಹೇಳಿದ್ದೆ.

"ಮಗ ಅತ್ತದ್ದು ಕೇಳ್ತು. ಡ್ರೈವರ್ ಬೈದದ್ದು ಕೇಳ್ತು. ನೀ ಅವ್ನ ಹತ್ರ ಹೇಳಿದ್ದೂ ಕೇಳ್ತು."

"ಅಕ್ಕಾ..."

"ಸುಮ್ನಿರು. ಎದ್ದು ನಿನ್ನ ಕೆನ್ನೆಗೆ ಎರಡು ಬಾರಿಸೂವಷ್ಟು ಸಿಟ್ಟು ಬಂತು. ಆಮೇಲೆ ಸಿಟ್ಟು ಹೋಗಿ ಹೆದ್ರಿಕೆ ಆತು. ನಾ ಬದುಕಿದ್ರೆ ನಿನ್ನ ಸುಳ್ಳು ಹೊರಗೆ ಬತ್ತದಲ್ಲಾ, ಇವ್ಳು ಒತ್ತೂದು ನಿಲ್ಸಿಬಿಟ್ರೆ ಎಂತಾ ಮಾಡೂದು ಅಂತ. ನಿನ್ನ ಒಂದೊಂದು ಒತ್ತಿಗೂ ಕಾದೆ."

ನಾನು ಹಾಸಿಗೆಯ ಕಬ್ಬಿಣ ಹಿಡಿದುಕೊಂಡು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಛಾವಣಿ ನೋಡುತ್ತ ಮಲಗಿದ್ದಳು.

ಮಗ ಗಂಜಿ ಹಿಡಿದುಕೊಂಡು ಬಂದ. ನಾನು ಎದ್ದು ನಿಂತು, ಅವಳ ಮುಂದೆಯೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿಡಿಯುವ ಧೈರ್ಯ ಕೊಟ್ಟದ್ದು ನನ್ನ ಹಾಳೆ, ಮರಿಯ ವಿಷಯ ಗೊತ್ತಿದ್ದೂ ಬಿಟ್ಟವಳು ನಾನು, ಅಂದು ನಿನಗೆ ಹೇಳಿದ್ದು ಸುಳ್ಳು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಗಂಜಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಕೇಳಿದ.

"ಇದ್ನ ಇನ್ನೆಷ್ಟು ಮನೆಗೆ ಹೇಳೀರಿ?"

"ತುಂಬ ಮನೆಗೆ. ಭಟ್ಕಳದವರೆಗೂ. ಶಾಲೆಗಳಲ್ಲೂ."

"ಶಾಲೆಲೂ?"

ಆಮೇಲೆ ಅಕ್ಕ ದಿಂಬಿನಿಂದ ತಲೆ ಎತ್ತಲು ನೋಡಿದಳು. ಆಗಲಿಲ್ಲ. ಮಲಗಿದಲ್ಲಿಂದಲೇ ಹೇಳಿದಳು.

"ಎಂಟು ದಿನದಿಂದ ಇಲ್ಲೇ ಕೂತಿದ್ಯಲ್ಲೇ ಮತ್ತೆ! ಏಳು, ಹೋಗು. ಈಗ ಯಾವ ಮಗು ಕಡಂಬಳದ ಮರೀನ ಕೈಯಲ್ಲಿ ಹಿಡ್ಕಂಡು ನಿಂತದ್ಯೋ."